ಎಡಮುರಿ ಹುಳದ ಯೆರ್ಕೊ

ಸುರುಳಿಯಿರುವ ಯಾವ ವಸ್ತು ಕೈಗೆ ಸಿಕ್ಕರೂ ಯೆರ್ಕೊ ಮರಾಸೊವಿಚ್ ಮೊದಲು ಅದರ ತುದಿಯನ್ನು ಮೇಲಕ್ಕೆ ಮಾಡಿ, ಒಂದು ಕಣ್ಣು ಮುಚ್ಚಿ, ಅದು ಎಡಕ್ಕೆ ಸುತ್ತಿದೆಯೋ ಬಲಕ್ಕೋ ಎಂದು ನಿಶ್ಚಯಿಸಿಕೊಂಡ ಮೇಲೆಯೇ ಮುಂದಿನ ಮಾತಾಡುತ್ತಿದ್ದರು. ಬಸವನಹುಳುವಿನ ಚಿಪ್ಪಿಗೆ ಈ ಪರೀಕ್ಷೆ ಸಹಜವೇ; ಆದರೆ ದೋಣಿಯ ಹಗ್ಗ, ದ್ರಾಕ್ಷಿ ಬಳ್ಳಿಯ ಕುಡಿ, ಬಾಟಲಿಯ ಬಿರಡೆ ತೆಗೆಯುವ ತಿರುಪು, ಈಸ್ಟರಿನಲ್ಲಿ ಪಾದ್ರಿಗಳು ಕಳಿಸಿಕೊಟ್ಟ ಹೆಣೆದ ಸಿಹಿರೊಟ್ಟಿ, ಇವು ಯಾವುವೂ ಅವರ ಕೈಯಿಂದ ಪಾರಾದದ್ದನ್ನು ನಾನು ಕಾಣೆ. ಬಲಮುರಿಯಾದರೆ ಮುಖ ಸಪ್ಪೆ. ಎಡಮುರಿಯಾದರೆ ನೆರೆತ ಹುಬ್ಬು ಮೇಲೇರಿ, ಬೆಳಗಿನ ಆಯಾಸವೆಲ್ಲ ಇಳಿದುಹೋಗುತ್ತಿತ್ತು.

ದಾಲ್ಮೇಷಿಯ ಕರಾವಳಿಯ ನಮ್ಮ ದ್ವೀಪದ ತುದಿಯಲ್ಲಿ, ಸಮುದ್ರಜೀವಿಗಳ ಅಧ್ಯಯನಕ್ಕೆಂದು ಕಟ್ಟಿದ ಕೇಂದ್ರದಲ್ಲಿ ನಾನು ಹತ್ತೊಂಬತ್ತು ವರ್ಷ ಪುಸ್ತಕ ಕಾದವನು. ವಯಸ್ಸಾದ ಗಂಡಸರನ್ನು ನಮ್ಮಲ್ಲಿ ದೊಡ್ಡಪ್ಪನೆಂಬ ಸಲಿಗೆಯಿಂದ 'ಬಾರ್ಬ' ಎನ್ನುತ್ತೇವೆ. ಯೆರ್ಕೊ ಐವತ್ತಕ್ಕೇ ಬಾರ್ಬ ಆದವರು. ಹುಟ್ಟಿದ್ದು ಬಂದರಿನಲ್ಲಾದ್ದರಿಂದ, ಕಟ್ಟೆಯ ಮೇಲೆ ಹರಡಿದ ಹಗ್ಗಗಳನ್ನು ದಾಟುವವರ ಹಾಗೆ ಗ್ರಂಥಾಲಯದ ನುಣುಪು ನೆಲದ ಮೇಲೂ ಕಾಲೆತ್ತಿ ಎತ್ತಿ ನಡೆಯುತ್ತಿದ್ದರು. ಯಾರ ವಾದಕ್ಕೆ ಎದುರಾಡುವಾಗಲೂ "ನಿಧಾನ, ನಿಧಾನ" ಎಂದೇ ಆರಂಭ. ಆ ನಿಧಾನದ ಹಿಂದೆ ಬರುತ್ತಿದ್ದುದು ಮಾತ್ರ ಗುಡುಗು. ಇನ್ನು ಅವರ ಕೋಟು. ಬೂದು ಉಣ್ಣೆಯ ಆ ಕೋಟಿನ ಗುಂಡಿಗಳು ಎಡಪಕ್ಕದಲ್ಲಿದ್ದವು, ಅಂದರೆ ಹೆಂಗಸರ ಕೋಟು. ಬೂತಾಯಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಅವರ ತಾಯಿ ಅದನ್ನು ತೊಡುತ್ತಿದ್ದರೆಂಬುದು ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಕೇಂದ್ರದ ಅಡುಗೆಯ ಪೆರಿನಳನ್ನು ಬಿಟ್ಟು.

"ಬಾರ್ಬ, ಗುಂಡಿ ಆ ಕಡೆ ಹೋಗಿದೆಯಲ್ಲ, ಹೊಲಿದುಕೊಡ್ಲಾ?"

"ಗುಂಡಿ ಸರಿಯಾಗೇ ಇದೆ ಪೆರಿನ, ಒಳಗಿರೋನೇ ತಪ್ಪು. ಸೊಪ್ಪಿಗೆ ಇನ್ನೊಂಚೂರು ಎಣ್ಣೆ ಹಾಕು."

ಸಿಂಪಿ, ಆಕ್ಟೋಪಸ್, ಬಸವನಹುಳು ಇವೆಲ್ಲ ಒಂದೇ ಮೃದ್ವಂಗಿ ಕುಲದವು. ದೇಹವನ್ನು ರೂಪಿಸುವ ವಂಶವಾಹಿಗಳೂ ಹೆಚ್ಚುಕಡಿಮೆ ಅವೇ. ಒಂದರಲ್ಲಿ ಚಿಪ್ಪಿನ ಅಂಚು ಗೆರೆಯೆಳೆಯುವ ವಂಶವಾಹಿಯನ್ನೇ ವಿಕಾಸವು ಇನ್ನೊಂದರಲ್ಲಿ ತೋಳಿನ ಕೆಲಸಕ್ಕೂ ಹಚ್ಚಿಬಿಡುತ್ತದೆ. "ಹೊಸ ಆಳು ಯಾರೂ ಬಂದಿಲ್ಲ, ಇರೋ ಆಳಿಗೇ ಹೊಸ ಕೆಲಸ" ಎಂಬುದು ಪ್ರತಿವರ್ಷ ಮೊದಲ ಪಾಠದಲ್ಲಿ ಯೆರ್ಕೊ ಆಡುತ್ತಿದ್ದ ಮಾತು. ಅವರು ತಮ್ಮ ಪಾಲಿಗೆ ಆರಿಸಿಕೊಂಡ ಪ್ರಶ್ನೆ ಮಾತ್ರ ಚಿಕ್ಕದು: ಹುಳು ಎತ್ತ ಸುತ್ತಬೇಕೆಂದು ಹೇಳುವವರು ಯಾರು? ನಾಲ್ಕು ಕೋಶಗಳ ಭ್ರೂಣ ಎಂಟಾಗುವ ಹೊತ್ತಿಗೆ ಮೇಲಿನ ನಾಲ್ಕು ಪುಟ್ಟ ಕೋಶಗಳು ಕೊಂಚ ಓರೆಯಾಗಿ ತಿರುಗುತ್ತವೆ. ಆ ತಿರುವು ಬಲಕ್ಕಾದರೆ ಬೆಳೆದ ಹುಳದ ಚಿಪ್ಪು ಬಲಮುರಿ, ಎಡಕ್ಕಾದರೆ ಎಡಮುರಿ. ಅದನ್ನು ನಿಶ್ಚಯಿಸುವುದು ಮರಿಯ ವಂಶವಾಹಿ ಅಲ್ಲ, ತಾಯಿ ಮೊಟ್ಟೆಯೊಳಗೆ ಮೊದಲೇ ಇಟ್ಟುಕೊಟ್ಟದ್ದು.

ಇಷ್ಟನ್ನು ಎಲ್ಲರೂ ಒಪ್ಪಿದ್ದರು. ಯೆರ್ಕೊ ಹೆಸರಾದದ್ದು ಒಪ್ಪದೆ. ನಮ್ಮ ದ್ವೀಪದಲ್ಲಿ ಕುರಿಗಳು ನೀರು ಕುಡಿಯುವ ಕೊಳಗಳಿವೆ. ಏಳನೆಯ ಕೊಳದ ಹುಳುಗಳೆಲ್ಲ ಎಡಮುರಿ. ಆದರೆ ಅವುಗಳ ಭ್ರೂಣ ಮೊದಲು ತಿರುಗುವುದು ಬಲಕ್ಕೆ, ತಡವಾಗಿ ಎಚ್ಚರಗೊಳ್ಳುವ ಇನ್ನೊಂದು ವಂಶವಾಹಿ ಅದನ್ನು ಮಧ್ಯದಲ್ಲಿ ಎಡಕ್ಕೆ ಮಗುಚುತ್ತದೆ ಎಂದು ಅವರು ಮುನ್ನೂರು ಚಿತ್ರಗಳ ಬಲದಿಂದ ಸಾಧಿಸಿದರು. ಆರಂಭದ ನಲವತ್ತೊಂದು ಭ್ರೂಣಗಳು ಮಾತ್ರ ಎಡಕ್ಕೇ ತಿರುಗಿದ್ದವು. ಅವು ಅಪವಾದವೆಂದು ಅಡಿಟಿಪ್ಪಣಿಯಲ್ಲಿ ಬರೆದರು. ತಾಯಿ ಕೊಟ್ಟ ದಿಕ್ಕನ್ನು ಮರಿ ಮುಂದೆ ತಾನೇ ಬದಲಿಸಿಕೊಳ್ಳಬಲ್ಲದು ಎಂಬ ಆ ಮಾತು ದೂರದೂರದ ವಿಶ್ವವಿದ್ಯಾಲಯಗಳಿಗೆ ಇಷ್ಟವಾಯಿತು. ಇಪ್ಪತ್ತೇಳು ವರ್ಷ ಆ ಕೊಳದ ಹೆಸರಿನೊಂದಿಗೆ ಅವರ ಹೆಸರೂ ಓಡಾಡಿತು.

ದಿಂಕ ಅವರ ಕೊನೆಯ ವಿದ್ಯಾರ್ಥಿನಿ. ಮಾತು ಕಡಿಮೆ, ಉಗುರು ಕಚ್ಚುವ ಅಭ್ಯಾಸ ಹೆಚ್ಚು. ಗುರುಗಳು ಊಹಿಸಿದ್ದ ಆ ಎರಡನೆಯ ವಂಶವಾಹಿಯನ್ನು ಹಿಡಿದು ತೋರಿಸುವುದೇ ಅವಳ ಪ್ರಬಂಧದ ವಿಷಯವಾಗಿತ್ತು. ಯಾವ ಕೋಶದಲ್ಲಿ ಯಾವ ವಂಶವಾಹಿ ಎಚ್ಚರವಾಗಿದೆ ಎಂಬುದನ್ನು ನೀಲಿಬಣ್ಣದಲ್ಲಿ ಕಾಣಿಸುವ ಹೊಸ ವಿಧಾನದಿಂದ ನಾಲ್ಕು ವರ್ಷ ಹುಡುಕಿದಳು. ಸಿಕ್ಕಲಿಲ್ಲ. ಏಳನೆಯ ಕೊಳದ ಭ್ರೂಣಗಳು ಮೊದಲ ಗಳಿಗೆಯಿಂದಲೇ ಎಡಕ್ಕೆ ತಿರುಗುತ್ತಿದ್ದವು, ನೀಲಿಯೂ ಎಡಗಡೆಯೇ. ಪ್ರಬಂಧ ಒಪ್ಪಿಸಲು ಹದಿನೈದು ದಿನವಿತ್ತು. ಅದಕ್ಕೆ ಯೆರ್ಕೊ ಸಹಿ ಬೇಕು, ಆ ಸಹಿ ಬಿದ್ದರೆ ಯೆರ್ಕೊ ಉಳಿಯುವುದಿಲ್ಲ.

ಅವಳು ಅದನ್ನು ಹೇಳಿದ್ದು ಊಟದ ಮೇಜಿನ ಮುಂದೆ, ನನ್ನ ಎದುರಿಗೇ. "ಪ್ರೊಫೆಸರ್, ನಿಮ್ಮ ಮೈಕ್ರೋಸ್ಕೋಪು ಕೆಳಗಿನಿಂದ ನೋಡೋ ಥರದ್ದು ಅಲ್ವಾ? ಮೇಲಿಂದ ಎಡಕ್ಕೆ ತಿರುಗೋದು ಕೆಳಗಿಂದ ಬಲಕ್ಕೆ ಕಾಣತ್ತೆ."

"ನಿಧಾನ, ನಿಧಾನ. ನೀನು ಹುಟ್ಟೋ ಮೊದಲೇ ನಂಗದು ಗೊತ್ತಿತ್ತು ಮಗು! ಒಂದೊಂದು ಹಾಳೇನೂ ಕಿಟಕಿ ಗಾಜಿಗೆ ಮಗುಚಿ ಹಿಡಿದು, ತಿರುವಿ ಬರ್ಕೊಂಡಿದೀನಿ. ನನಗೇ ಎಡಬಲ ಹೇಳಿಕೊಡ್ತೀಯಾ?"

ಅರ್ಧ ಉಂಡ ಮೀನನ್ನು ಬಿಟ್ಟು ಎದ್ದುಹೋದರು. ಆಮೇಲೆ ಒಂಬತ್ತು ದಿನ ಅವಳ ಕಡೆ ತಿರುಗಿ ನೋಡಲಿಲ್ಲ. ಅವಳು ಬಾಗಿಲಲ್ಲಿ ನಿಂತರೆ ಇವರು ಕಿಟಕಿಯಾಚೆ ನೋಡುತ್ತಿದ್ದರು. ನನಗೆ ಆಗ ಅವರ ಮೇಲೆ ಸಿಟ್ಟು ಬಂದಿತ್ತು, ಇಂದಿಗೂ ಅದನ್ನು ಪೂರ್ತಿ ಹಿಂತೆಗೆದುಕೊಂಡಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಅವಳ ಮುಂಗೈ ಹಿಡಿದು ಗ್ರಂಥಾಲಯಕ್ಕೆ ಕರೆತಂದು, "ಆ ಚಿತ್ರದ ಕಟ್ಟು ತೆಗಿ, ಇವಳಿಗೆ ತೋರಿಸೋಣ" ಎಂದು ನನಗೆ ಅಪ್ಪಣೆ ಮಾಡಿದರು.

ಚಿತ್ರಗಳಿಗೊಂದು ಗುರುತಿತ್ತು. ಏಳನೆಯ ಕೊಳದ ಭ್ರೂಣಗಳಿಗಾಗಿ ಇಟ್ಟ ಗಾಜಿನ ತಟ್ಟೆಯ ತಳದ ಹೊರಮೈಯಲ್ಲಿ ಯೆರ್ಕೊ ಸೂಜಿಯಿಂದ ಏಳರ ಅಂಕಿ ಗೀಚಿದ್ದರು. ಕಂಡದ್ದನ್ನೆಲ್ಲ ನಕಲಿಸುವ ಹಟದಿಂದ, ಪ್ರತಿ ಚಿತ್ರದ ಮೂಲೆಯಲ್ಲಿ ಆ ಏಳನ್ನೂ ಬರೆದಿದ್ದರು. ಕೆಳಗಿನಿಂದ ನೋಡಿದರೆ ಏಳು ನೆಟ್ಟಗೆ ಕಾಣುತ್ತದೆ. ಹಾಳೆ ಮಗುಚಿ ತಿದ್ದಿದ್ದರೆ ಅದೂ ಮಗುಚಿ, ಕನ್ನಡಿಯೊಳಗಿನ ಏಳಾಗಿರಬೇಕು.

ಮೊದಲ ಹಾಳೆಯಲ್ಲಿ ಏಳು ಮಗುಚಿತ್ತು. "ನೋಡು!" ಎಂದರು. ಎರಡನೆಯದರಲ್ಲೂ ಹಾಗೆಯೇ, ಇಪ್ಪತ್ತನೆಯದರಲ್ಲೂ ಹಾಗೆಯೇ. ಅವರ ಧ್ವನಿ ಏರುತ್ತ ಹೋಯಿತು. ನಲವತ್ತೆರಡನೆಯ ಹಾಳೆಯಲ್ಲಿ ಏಳು ನೆಟ್ಟಗಿತ್ತು. ಮುಂದಿನದರಲ್ಲೂ ನೆಟ್ಟಗೆ. ಕಟ್ಟಿನ ಕೊನೆಯ ಹಾಳೆಯವರೆಗೂ ನೆಟ್ಟಗೆ. ಯೆರ್ಕೊ ನಲವತ್ತೆರಡಕ್ಕೆ ಹಿಂದಿರುಗಿ ತಾರೀಖಿನ ಮೇಲೆ ಬೆರಳಿಟ್ಟರು.

"ಆ ವಾರ ಅಮ್ಮನ ಮಣ್ಣು ಮುಗಿಸಿ ಬಂದಿದ್ದೆ" ಎಂದರು. "ಕೆಲಸ ನಿಲ್ಲಿಸ್ಲಿಲ್ಲ. ಕಿಟಕಿ ಹತ್ರ ಹೋಗಿರ್ಲಿಕ್ಕಿಲ್ಲ."

ಅಪವಾದವೆಂದು ಅಡಿಟಿಪ್ಪಣಿಗೆ ತಳ್ಳಿದ್ದ ಆ ನಲವತ್ತೊಂದೇ ನಿಜ, ಉಳಿದದ್ದೆಲ್ಲ ಹಾಳೆ ಮಗುಚದ ಮರೆವು. ದಿಂಕ ಅಳತೊಡಗಿದಳು. ಯೆರ್ಕೊ ಅಳಲಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ ಪೆರಿನಳ ಗಾಜಿನ ಬಟ್ಟಲಿಗೆ ನೀರು ತುಂಬಿ, ಎರಡು ಕುರ್ಚಿಗಳ ಅಂಚಿನ ಮೇಲೆ ಅದನ್ನು ಕೂರಿಸಿ, ಒಂದು ಪುದೀನ ಎಲೆ ಹಾಕಿ, ಎಪ್ಪತ್ತೊಂದರ ಆ ಮುದುಕ ಕೋಟು ಸಮೇತ ನೆಲದ ಮೇಲೆ ಅಂಗಾತ ಮಲಗಿದರು.

"ಅಯ್ಯೋ ಬಾರ್ಬ, ಈಗಷ್ಟೇ ನೆಲ ಒರೆಸಿದೀನಿ!" ಎಂದಳು ಪೆರಿನ.

"ತಿರುಗಿಸು ಮಗು. ಎಡಕ್ಕೆ."

ದಿಂಕ ಚಮಚದಿಂದ ಎಡಕ್ಕೆ ತಿರುಗಿಸಿದಳು. ಎಲೆ ಸುತ್ತುವುದನ್ನು ಅವರು ಕೆಳಗಿನಿಂದ, ಒಂದು ಕಣ್ಣು ಮುಚ್ಚಿ, ಎಷ್ಟೋ ಹೊತ್ತು ನೋಡಿದರು. "ಬಲಕ್ಕೇ ಹೋಗ್ತಿದೆ. ತಲೆಗೆ ಯಾವತ್ತೋ ಗೊತ್ತಿತ್ತು, ಕಣ್ಣಿಗೂ ಗೊತ್ತಾಗ್ಲಿ ಅಂತ."

ಆ ಮಧ್ಯಾಹ್ನವೇ ಸಹಿಯಾಯಿತು. ಮಾರ್ಗದರ್ಶಕರ ಅಭಿಪ್ರಾಯಕ್ಕೆಂದು ಬಿಟ್ಟ ಪುಟದಲ್ಲಿ ಅವರು ಬರೆದದ್ದು ಎರಡೇ ವಾಕ್ಯ: "ಈಕೆ ಹೇಳಿರುವುದು ಸರಿ. ನಾನು ಕೆಳಗಿನಿಂದ ನೋಡಿದ್ದೆ." ತಾಯಿಯ ಸುದ್ದಿಯನ್ನು ಅಲ್ಲಿ ಬರೆಯಬಹುದಿತ್ತು, ಓದಿದವರು ಮರುಗುತ್ತಿದ್ದರು. ಬರೆಯಲಿಲ್ಲ. ಮಾರನೆಯ ದಿನ ಅದೇ ಕೋಟಿನಲ್ಲಿ, ಅದೇ ಗುಂಡಿ ಹಾಕಿಕೊಂಡು ಕೊಳಕ್ಕೆ ಹೋಗಿ ಹೊಸ ಮೊಟ್ಟೆಗಳನ್ನು ತಂದರು.

ಈ ಜಾತಿಯ ಜನ ಜಗತ್ತಿನ ಪ್ರತಿಯೊಂದು ಸುರುಳಿಯನ್ನೂ ಅನುಮಾನಿಸುತ್ತಾರೆ, ತಾವು ನೋಡುತ್ತ ನಿಂತ ಜಾಗವೊಂದನ್ನು ಬಿಟ್ಟು. ಅಷ್ಟರಮಟ್ಟಿಗೆ ಅವರು ನಮ್ಮ ನಿಮ್ಮ ಹಾಗೆಯೇ. ಆ ಜಾಗವೇ ತಪ್ಪೆಂದು ತಿಳಿದ ದಿನ ನಾವಾದರೆ ಕಾರಣ ಹೇಳುತ್ತೇವೆ. ಅವರು ನೆಲದ ಮೇಲೆ ಮಲಗಿ ನೋಡಿ, ಎದ್ದು, ಧೂಳು ಕೊಡವಿಕೊಂಡು, ಸಹಿ ಹಾಕುತ್ತಾರೆ.