ಸ್ಫೂರ್ತಿ ಅಂದ ಮ್ಯಾನೇಜರ್

ವಸ್ತುಪ್ರದರ್ಶನದ ಆ ದೊಡ್ಡ ಹಾಲಿನಲ್ಲಿ ಅತ್ತೆ ಸೊಸೆಗೆ ಸಿಕ್ಕಿದ್ದು ಕಂಬದ ಹಿಂದಿನ ಮಳಿಗೆ. ಬಂದವರ ಕಣ್ಣಿಗೆ ಮೊದಲು ಕಂಬ ಬೀಳಬೇಕು, ಆಮೇಲೆ ಅದಕ್ಕೆ ಒರಗಿಕೊಂಡು ಫೋನಿನಲ್ಲಿ ಹರಟುವವರು ಬೀಳಬೇಕು, ಅವರೂ ಪುಣ್ಯಕ್ಕೆ ಪಕ್ಕಕ್ಕೆ ಸರಿದರೆ ಇವರ ಬಟ್ಟೆ ಒಣಹಾಕುವ ಸ್ಟ್ಯಾಂಡು.

"ಇಷ್ಟು ದೂರ ಬಂದು ಕಂಬ ತೋರಿಸ್ತಾ ಕೂತಿದೀವಲ್ಲೇ!" ಅಂತ ಅತ್ತೆ ಬೆಳಗ್ಗೆಯಿಂದ ಗೊಣಗುತ್ತಲೇ ಇದ್ದಳು.

ಊರಿನಲ್ಲಿ ಅವಳದ್ದು ವೆಲ್ಡಿಂಗ್ ಶೆಡ್ಡು. ಗಂಡ ಹೋದ ಮೇಲೆ ಕೆಲಸ ಬಿಡಲಿಲ್ಲ, ಅವನ ಮುಖಗವಸನ್ನೇ ಹಾಕಿಕೊಂಡು ಗೇಟು, ಕಿಟಕಿ ಸರಳು ಅಂತ ಮಾಡುತ್ತಾ ಬಂದವಳು. ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಸೊಸೆ ಬಾಣಂತನಕ್ಕೆ ಮಲಗಿದ್ದಾಗ ಕೂಸಿನ ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು ವಾಸನೆ. ಆಗ ಅತ್ತೆ ತುಂಡು ಪೈಪುಗಳನ್ನು ಸೇರಿಸಿ ಒಂದು ಸ್ಟ್ಯಾಂಡು ಮಾಡಿದಳು. ನೆತ್ತಿಯ ಗುಂಡಿ ಒತ್ತಿದರೆ ಕೈಗಳೆಲ್ಲ ಕೊಡೆ ಮುಚ್ಚಿದ ಹಾಗೆ ಕೆಳಗಿಳಿದು ಮಡಚಿಕೊಳ್ಳಬೇಕು, ಅದೂ ಒಂದೇ ಕೈಯಲ್ಲಿ. ಇನ್ನೊಂದು ಕೈಯಲ್ಲಿ ಮಗು ಇರುತ್ತಲ್ಲ! ಆ ಗುಂಡಿ ಸರಿಯಾಗುವಷ್ಟರಲ್ಲಿ ಮಗು ಅಂಬೆಗಾಲಿಕ್ಕುತ್ತಿತ್ತು. ಆಮೇಲೆ ನೆರೆಯವರು ಕೇಳಿದರು, ನೆಂಟರು ಕೇಳಿದರು, ಕೊನೆಗೆ ಅಂಗಡಿಗಳೂ ಕೇಳಿದವು. "ಪ್ರದರ್ಶನಕ್ಕೆ ಹೋಗೋಣ ಅತ್ತೆ, ಹಾಗೇ ದೊಡ್ಡ ಊರೂ ನೋಡಿದ ಹಾಗಾಯ್ತು" ಅಂತ ಹೊರಡಿಸಿದ್ದು ಸೊಸೆಯೇ.

ಮಧ್ಯಾಹ್ನ ಸೊಸೆ ಕುಣಿಯುತ್ತಾ ಬಂದಳು. ಯಾವುದೋ ದೊಡ್ಡ ಕಂಪನಿ, ಮಳಿಗೆ ಹಾಕಿದವರನ್ನೆಲ್ಲ ಸಂಜೆ ನದಿಯ ಮೇಲಿನ ಊಟಕ್ಕೆ ಕರೆದಿದೆಯಂತೆ. ದೊಡ್ಡ ದೋಣಿ, ಊಟ ಮಾಡುತ್ತಾ ಊರೆಲ್ಲ ನೋಡಬಹುದು, ಬಿಟ್ಟಿ.

"ಬಿಟ್ಟಿ ಊಟ ಯಾಕೆ ಹಾಕ್ತಾರಂತೆ?"

"ನಿಮಗೆ ಎಲ್ಲದರಲ್ಲೂ ಅನುಮಾನ. ಸುಮ್ನೆ ಬನ್ನಿ ಅತ್ತೆ."

ದೋಣಿಯೇನೋ ಚೆನ್ನಾಗಿತ್ತು. ಗಾಜಿನ ಗೋಡೆ, ಬಿಳಿ ಮೇಜುಬಟ್ಟೆ, ತಟ್ಟೆಯ ಎರಡೂ ಕಡೆ ಸಾಲು ಸಾಲು ಚಮಚ. ದಡ ಬಿಟ್ಟ ಮೇಲೆ ಮೈಕು ಹಿಡಿದ ಹುಡುಗಿಯೊಬ್ಬಳು ಬಲಗಡೆ ನೋಡಿ ಹಳೇ ಸೇತುವೆ, ಎಡಗಡೆ ನೋಡಿ ನ್ಯಾಯಾಲಯದ ಗುಮ್ಮಟ ಅಂತ ಹೇಳುತ್ತಾ ಹೋದಳು. ಜನ ಅವಳು ಹೇಳಿದ ಕಡೆಗೆಲ್ಲ ಕತ್ತು ಹೊರಳಿಸಿದರು. ಅತ್ತೆಗೂ ಮನಸ್ಸು ಹಗುರಾಗುತ್ತಿತ್ತು. ಅಷ್ಟರಲ್ಲಿ ಹುಡುಗಿ, "ಈಗ ನಮ್ಮ ಆತಿಥೇಯರ ಹೊಸ ಆವಿಷ್ಕಾರ!" ಎಂದಳು. ವೇದಿಕೆಯ ಮೇಲಿದ್ದ ಕೆಂಪು ಬಟ್ಟೆ ಸರಿಯಿತು.

ಅತ್ತೆಯ ಸ್ಟ್ಯಾಂಡು!

ಬಣ್ಣ ಬೇರೆ, ಕಾಲಿಗೆ ಪ್ಲಾಸ್ಟಿಕ್ ಟೋಪಿ ಬೇರೆ. ಉಳಿದದ್ದೆಲ್ಲ ಅದೇ. ಅದೇ ಪೈಪು, ಅದೇ ಗುಂಡಿ, ಗುಂಡಿಯ ಕೆಳಗೆ ಬೆರಳು ಸಿಗದಿರಲಿ ಅಂತ ಅವಳು ಬಗ್ಗಿಸಿದ್ದ ಅದೇ ಪಟ್ಟಿ. ಕೋಟು ಹಾಕಿದವನೊಬ್ಬ ಬಂದು ಗುಂಡಿ ಒತ್ತಿದ. ಸ್ಟ್ಯಾಂಡು ಕೊಡೆಯ ಹಾಗೆ ಮುಚ್ಚಿಕೊಂಡಿತು. ಚಪ್ಪಾಳೆಯೋ ಚಪ್ಪಾಳೆ. "ಇದರ ರೂವಾರಿ, ನಮ್ಮ ಮ್ಯಾನೇಜರ್ ಸಾಹೇಬರು" ಎಂದಳು ಹುಡುಗಿ.

ಅತ್ತೆ ಅವನ ಮುಖ ನೋಡಿದಳು. ಮೈಯೆಲ್ಲ ಬೆಂಕಿ ಹತ್ತಿದ ಹಾಗಾಯಿತು.

"ಇವನು ನಮ್ಮನೇಲಿ ಉಂಡು ಹೋದೋನು ಕಣೇ!"

ಹೋದ ವರ್ಷ ಇವನ ಕಾರು ಶೆಡ್ಡಿನ ಎದುರೇ ಕೆಟ್ಟು ನಿಂತಿತ್ತು. ಮೆಕ್ಯಾನಿಕ್ ಬರುವ ತನಕ ಅತ್ತೆ ಒಳಗೆ ಕರೆದು ಕೂರಿಸಿ ಊಟ ಬಡಿಸಿದ್ದಳು. ಎರಡೆರಡು ಸಲ ಹಾಕಿಸಿಕೊಂಡು ಉಂಡ. "ಅಮ್ಮಾ, ನಿಮ್ಮ ಕೈ ರುಚಿ ಮರೆಯೋ ಹಾಗಿಲ್ಲ" ಅಂದ. ಸ್ಟ್ಯಾಂಡನ್ನು ತಿರುಗಿಸಿ ಮುರುಗಿಸಿ ನೋಡಿ ಹೊಗಳಿದ. ಹೊಗಳಿಕೆಗೆ ಕರಗಿಹೋದ ಅತ್ತೆ, "ನಿಮ್ಮ ಮನೆಯವರಿಗೆ ಕೊಡಿ" ಅಂತ ನೀಲಿ ಬಣ್ಣದ್ದೊಂದನ್ನು ಕಾರಿಗೆ ತಾನೇ ಹಾಕಿಕೊಟ್ಟಿದ್ದಳು.

ಈಗ ಎದ್ದು ನೆಟ್ಟಗೆ ಅವನ ಮೇಜಿಗೆ ಹೋದಳು. ಸೊಸೆ ಸೆರಗು ಹಿಡಿದು ಜಗ್ಗಿದರೂ ನಿಲ್ಲಲಿಲ್ಲ.

"ಗುರುತು ಸಿಕ್ತಾ ಸ್ವಾಮಿ?"

ಅವನ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಕೂಡಲೇ ನಗು ಅಂಟಿಸಿಕೊಂಡ. "ಅಮ್ಮಾ! ನೀವಾ? ಬನ್ನಿ, ಕೂತ್ಕೊಳ್ಳಿ. ಊಟ ಆಯ್ತಾ?"

"ನನ್ನ ಊಟ ಹಾಳಾಗಲಿ. ಇದು ಯಾರದ್ದು?"

"ನೋಡೀಮ್ಮಾ," ಅವನು ದನಿ ತಗ್ಗಿಸಿದ, "ನಿಮ್ಮಿಂದ ಸ್ಫೂರ್ತಿ ಪಡೆದದ್ದು ಹೌದು. ಇಲ್ಲ ಅನ್ನಲ್ಲ."

"ಕದಿಯೋದಕ್ಕೆ ಈಗ ಸ್ಫೂರ್ತಿ ಅಂತಾರೋ?"

"ಕದಿಯೋದು ಗಿದಿಯೋದು ಅನ್ಬೇಡಿ. ನೀವು ಈ ಡಿಸೈನು ನೋಂದಣಿ ಮಾಡಿಸಿದ್ರಾ? ಇಲ್ಲ ಅಲ್ವಾ? ಹಾಗಾದ್ರೆ ಅದು ಎಲ್ಲರದ್ದೂ ಆಯ್ತು." ಹೆಗಲು ತಟ್ಟಲು ಕೈ ಚಾಚಿದ. "ನಿಮ್ಮ ಜೊತೆ ಒಂದು ಫೋಟೋ ತೆಗೆಸ್ಕೊಳ್ತೀನಿ, ಬನ್ನಿ."

ದೋಣಿ ನದಿಯ ನಟ್ಟನಡುವೆ. ನೆಲವಾಗಿದ್ದರೆ ಬಾಗಿಲು ಬಡಿದು ಹೊರಟುಬಿಡುತ್ತಿದ್ದಳು. ಇಲ್ಲಿ ಎಲ್ಲಿಗೆ ಹೋಗುವುದು, ನೀರಿಗೆ ಹಾರುವುದೇ? ವೇದಿಕೆಯ ಹುಡುಗಿ ಮೈಕು ಕೆಳಗಿಟ್ಟು ನೀರು ಕುಡಿಯುತ್ತಿದ್ದಳು. ಅತ್ತೆ ಹೋಗಿ ಅದನ್ನೆತ್ತಿಕೊಂಡಳು.

"ಊಟ ಮಾಡ್ತಿರೋ ದೊಡ್ಡ ಮನುಷ್ಯರೇ, ಸ್ವಲ್ಪ ಕೇಳಿ. ಈ ಸ್ಟ್ಯಾಂಡು ಮಾಡಿದ್ದು ನಾನು. ಈ ಸಾಹೇಬರು ನನ್ನ ಮನೇಲಿ ಉಂಡು, ನಾನು ಪ್ರೀತಿಯಿಂದ ಕೊಟ್ಟ ಮಾಲನ್ನೇ ನಕಲು ಹೊಡೆದು ನಿಮಗೆ ತೋರಿಸ್ತಿದಾರೆ!"

ಜನ ನಕ್ಕು ಚಪ್ಪಾಳೆ ತಟ್ಟಿದರು! ಊಟದ ಜೊತೆ ಮನರಂಜನೆಯೂ ಇದೆ ಅಂದುಕೊಂಡಿದ್ದರು. "ಈಯಮ್ಮ ಸಖತ್ತಾಗಿ ಮಾಡ್ತಾಳೆ" ಅಂತ ಒಬ್ಬ ಪಕ್ಕದವನಿಗೆ ಹೇಳಿದ. ಇನ್ನೊಬ್ಬ ಸಿಳ್ಳೆ ಹೊಡೆದ. ಬೈದಿದ್ದರೂ ಅತ್ತೆ ತಡೆದುಕೊಳ್ಳುತ್ತಿದ್ದಳೇನೋ. ಈ ನಗು ಮಾತ್ರ ಎದೆಗೆ ಕೊಳ್ಳಿ ಇಟ್ಟಂತಾಯಿತು. ಅವಳ ಕಣ್ಣಲ್ಲಿ ನೀರಾಡಿತು.

ಅದುವರೆಗೆ "ಸುಮ್ನಿರಿ ಅತ್ತೆ, ಸುಮ್ನಿರಿ" ಅನ್ನುತ್ತಿದ್ದ ಸೊಸೆ ದಡಬಡ ವೇದಿಕೆ ಹತ್ತಿದಳು. "ನಗೋದಕ್ಕೇನಿದೆ ಇದರಲ್ಲಿ? ನಾಟಕ ಅಲ್ಲ ಇದು. ಇವರು ನಮ್ಮತ್ತೆ!"

ನಗು ಅರ್ಧಕ್ಕೆ ನಿಂತಿತು. ಮ್ಯಾನೇಜರ್ ಮೈಕು ಕಿತ್ತುಕೊಳ್ಳಲು ಓಡಿ ಬಂದ. ಅವನ ಹಿಂದೆಯೇ, ದೂರದ ಮೇಜಿನಲ್ಲಿ ಕೂತಿದ್ದ ಅವನ ಹೆಂಡತಿಯೂ ಬಂದಳು. ದುಂಡು ಮುಖದ, ಏನೂ ಅರಿಯದ ಹೆಂಗಸು. ಅತ್ತೆಯ ಕೈ ಹಿಡಿದುಕೊಂಡು ಅಕ್ಕರೆಯಿಂದ ಕೇಳಿದಳು.

"ಆ ನೀಲಿ ಸ್ಟ್ಯಾಂಡು ಕೊಟ್ಟ ಅಮ್ಮ ನೀವೇನಾ? ಇವರು ತಂದುಕೊಟ್ಟಾಗಿಂದ ನಾನು ಅದರಲ್ಲೇ ಬಟ್ಟೆ ಒಣಗಿಸೋದು. ನಿಮಗೊಂದು ಥ್ಯಾಂಕ್ಸ್ ಹೇಳಬೇಕು ಅಂತ ಎಷ್ಟು ಸಲ ಅಂದ್ಕೊಂಡೆ!"

ಮೈಕು ಅತ್ತೆಯ ಕೈಯಲ್ಲೇ ಇತ್ತು. ಮಾತು ದೋಣಿಯ ಮೂಲೆಮೂಲೆಗೂ ಕೇಳಿಸಿತು. ಹೆಂಡತಿ ಗಂಡನ ಮುಖ ನೋಡಿದಳು, ವೇದಿಕೆಯ ಸ್ಟ್ಯಾಂಡು ನೋಡಿದಳು. ನಿಧಾನವಾಗಿ ಅವಳಿಗೂ ಹೊಳೆಯಿತು. ಹಿಡಿದಿದ್ದ ಕೈ ಬಿಟ್ಟು ತಲೆ ತಗ್ಗಿಸಿದಳು.

ಕಂಪನಿಯ ಮಾಲೀಕ ಎದ್ದು, "ನಾಳೆ ಮಾತಾಡೋಣ ಅಮ್ಮಾ, ಈಗ ಊಟ ಮಾಡಿ" ಎಂದ.

"ನಿಮ್ಮ ಊಟ ನನ್ನ ಗಂಟಲಲ್ಲಿ ಇಳಿಯಲ್ಲ."

ದೋಣಿ ಸುತ್ತು ಮುಗಿಸಿಯೇ ದಡಕ್ಕೆ ಬರಬೇಕಿತ್ತು. ಅಷ್ಟು ಹೊತ್ತೂ ಅತ್ತೆ ತಟ್ಟೆ ದೂರ ಸರಿಸಿ ಕೂತಿದ್ದಳು. ಸೊಸೆಯೂ ಮುಟ್ಟಲಿಲ್ಲ. ಮೈಕಿನ ಹುಡುಗಿ ಅಳುಕುತ್ತಾ, "ಎಡಗಡೆ ನೋಡಿ, ಗಡಿಯಾರದ ಗೋಪುರ" ಎಂದಳು. ಎಡಗಡೆ ಯಾರೂ ನೋಡಲಿಲ್ಲ.

ಮರುದಿನ ಮಾಲೀಕ ಮಾತಾಡಲಿಲ್ಲ, ತನ್ನ ವಕೀಲನನ್ನು ಕಳಿಸಿದ. ನೋಂದಣಿ ಇಲ್ಲದ ಮೇಲೆ ಏನೂ ಮಾಡುವ ಹಾಗಿಲ್ಲ ಅಂತ ಅವನು ನಯವಾಗಿ ಹೇಳಿಹೋದ. ಆದರೆ ಅವರ ಮಳಿಗೆಯಲ್ಲಿ ಬೆಳಗ್ಗೆ ಆ ಸ್ಟ್ಯಾಂಡಿನ ಮೇಲೆ ಹಾಕಿದ್ದ 'ನಮ್ಮ ಆವಿಷ್ಕಾರ' ಅನ್ನುವ ಹಲಗೆ ಇಳಿದಿತ್ತು. ಆ ಜಾಗದಲ್ಲಿ 'ನಮ್ಮ ಹೆಮ್ಮೆ' ಅಂತ ಬಂದಿತ್ತು. ಮ್ಯಾನೇಜರ್ ಮುಖ ತೋರಿಸಲಿಲ್ಲ.

ಅಷ್ಟು ಹೊತ್ತಿಗೆ ಗಿರಾಕಿಯೊಬ್ಬ ಕಂಬ ಬಳಸಿ ಬಂದು ಇವರ ಸ್ಟ್ಯಾಂಡು ಮುಟ್ಟಿ ನೋಡಿದ. "ಇದು ಆ ದೊಡ್ಡ ಮಳಿಗೆಯವರದ್ದರ ನಕಲಾ?" ಅಂತ ಕೇಳಿದ.

ಅತ್ತೆ ಸ್ಟ್ಯಾಂಡು ಮಡಚಿ ಹೆಗಲಿಗೇರಿಸಿ, ಹಾಲಿನ ಉದ್ದಕ್ಕೂ ನಡೆದು, ಕಂಪನಿಯ ಮಳಿಗೆಯ ಮುಂದೆ ಅವರ ಸ್ಟ್ಯಾಂಡಿನ ಪಕ್ಕದಲ್ಲೇ ತನ್ನದನ್ನು ಬಿಚ್ಚಿ ನಿಲ್ಲಿಸಿದಳು. ಕಾವಲಿನವರು ಬಂದರು. ನಿನ್ನೆಯ ರಂಪ ನೆನಪಿದ್ದ ಮಾಲೀಕ, ಬಿಡಿ ಅಂತ ದೂರದಿಂದಲೇ ಸನ್ನೆ ಮಾಡಿದ. ಸಂಜೆಯ ತನಕ ಅವಳು ಕದಲಲಿಲ್ಲ. ಬಂದವರಿಗೆಲ್ಲ ಒಂದೇ ಮಾತು: "ಮೊದಲು ಮಾಡಿದ್ದು ಇದು. ಅದು ಇದನ್ನ ನೋಡಿ ಮಾಡಿದ್ದು." ಕೆಲವರು ನಕ್ಕು ಹೋದರು. ದೋಣಿಯಲ್ಲಿದ್ದ ಕೆಲವರು ಹುಡುಕಿಕೊಂಡು ಬಂದರು. ಹಾಸ್ಟೆಲ್ ನಡೆಸುವ ಹೆಂಗಸೊಬ್ಬಳು ಎಲ್ಲ ಕೋಣೆಗಳಿಗೂ ಬೇಕು ಅಂತ ಅಲ್ಲೇ ನಿಂತು ಹೇಳಿಹೋದಳು.

ಮಳಿಗೆ ಮುಚ್ಚಿ ಇಬ್ಬರೂ ಬೀದಿ ಬದಿಯ ಸಣ್ಣ ಹೋಟೆಲಿನಲ್ಲಿ ಕೂತರು. ಬಿಸಿ ಸೂಪು, ಬ್ರೆಡ್ಡು. ಅತ್ತೆ ಗಬಗಬ ತಿಂದಳು.

"ಸಿಟ್ಟು ಇಳೀತಾ ಅತ್ತೆ?"

"ಎಲ್ಲಿ ಇಳಿಯುತ್ತೆ? ಆರ್ಡರ್ ಬಂತು ಅಂತ ಕಳ್ಳ ಸಾಧು ಆಗಿಬಿಟ್ಟನಾ?"

ಸೊಸೆ ಅಳುಕುತ್ತಲೇ ಕೇಳಿದಳು. "ಪ್ರದರ್ಶನ ಮುಗೀತು, ನಾಳೆ ಒಂದು ದಿನ ಇದೆಯಲ್ಲ. ಮ್ಯೂಸಿಯಂ ನೋಡ್ಕೊಂಡು ಹೋಗೋಣ್ವಾ?"

"ನೋಂದಣಿ ಕಚೇರಿ ಇದೇ ಊರಲ್ಲಿದೆಯಂತೆ, ಆ ವಕೀಲನೇ ಅಂದ. ಮೊದಲು ಅದನ್ನ ನೋಡೋಣ. ಗಾಲಿ ಇರೋ ಹೊಸ ಸ್ಟ್ಯಾಂಡು ನನ್ನ ತಲೇಲಿ ಓಡಾಡ್ತಿದೆ." ಅತ್ತೆ ಬಟ್ಟಲು ಎತ್ತಿ ಉಳಿದ ಸೂಪನ್ನೂ ಕುಡಿದಳು. "ಹೊತ್ತು ಉಳಿದರೆ ನಿನ್ನ ಮ್ಯೂಸಿಯಂ."