ಕೇಳಕ್ಕಾಗಲ್ಲ

ಲೋಟದ ನೀರು ನಡುಗಿತು, ಮೇಟ್ಟುಪಾಳಯಂ ರೋಡಿನಲ್ಲಿ ಲಾರಿ ಬರುತ್ತಿರಬೇಕು, ಕಿವಿಗೆ ಇನ್ನೂ ಬಂದಿಲ್ಲ, ಮೊದಲು ನೀರಿಗೆ ಬರುತ್ತದೆ, ಆಮೇಲೆ ಮೇಜಿಗೆ, ಮೇಜಿನ ಮೇಲಿಟ್ಟ ಮುಂಗೈಗೆ, ಕೊನೆಗೆ ಕಿವಿಗೆ, ಹಾ ಈಗ ಬಂತು, ಮೂವತ್ತೈದು ಹರ್ಟ್ಸ್ ಇರಬಹುದು, ನಲವತ್ತಂತೂ ಇಲ್ಲ — ಥೂ, ಇದೊಂದು ಚಟ, ಕರೆಂಟ್ ಹೋಗಿ ಕಂಪ್ಯೂಟರ್ ಸತ್ತು ಬಿದ್ದಿದ್ದರೂ ಹೋಗೋ ಬರೋ ಲಾರಿಗೆಲ್ಲ ಶ್ರುತಿ ನೋಡುತ್ತ ಕೂತಿದ್ದೇನೆ, ಎರಡಕ್ಕೆ ಹೋದದ್ದು ನಾಲ್ಕಕ್ಕೆ ಬರುತ್ತದೆ, ಈ ವರ್ಷವೆಲ್ಲ ಇದೇ ಗೋಳು, ಸ್ಟುಡಿಯೋ ಇರುವ ತುಡಿಯಲೂರಿಗೆ ಎರಡರಿಂದ ನಾಲ್ಕು, ಮನೆ ಇರುವ ನಮ್ಮ ಕುರಿಚಿಗೆ ಹತ್ತರಿಂದ ಹನ್ನೆರಡು, ಫ್ಯಾನಿಲ್ಲ, ಕಿಟಕಿ ತೆಗೆಯುವ ಹಾಗೂ ಇಲ್ಲ, ಹೊರಗಿನ ಸದ್ದು ಒಳಗೆ ಬರಬಾರದೆಂದು ಸ್ಟುಡಿಯೋದ ಕಿಟಕಿಗೆ ತೆಂಗಿನ ನಾರು ತುಂಬಿ ಮುಚ್ಚಿದವನೇ ನಾನು, ಕೈಯಲ್ಲಿ ಒದ್ದೆ ಬಟ್ಟೆ, ಅದರ ನೀರು ಮೊಣಕೈವರೆಗೆ ಇಳಿಯುತ್ತಿದೆ, ಧನಪಾಲ್, ಆ ವೂಫರ್ ಮೇಲಿರೋ ಗಂಧ ಒರೆಸಿಬಿಡಿ, ಆಯುಧಪೂಜೆ ಆಗಿ ಮೂರು ತಿಂಗಳಾಯ್ತು, ತಿರುಪ್ಪೂರಿನವರು ಬಂದಾಗ ಅಸಹ್ಯವಾಗಿ ಕಾಣುತ್ತೆ, ಎಂದು ಹೇಳಿ ಮಹೇಶ್ ಸಾರ್ ಆ ತಿರುಪ್ಪೂರಿನವರನ್ನು ಕರೆದುಕೊಂಡು ಬರಲು ಹೋದರು. ಸ್ಟುಡಿಯೋ ಅವರದು, ಮೈಸೂರಿನವರು, ಓದಲು ಬಂದು ಇಲ್ಲೇ ಉಳಿದವರು, ಅವರ ಕನ್ನಡ ಇಸ್ತ್ರಿ ಹಾಕಿದ ಹಾಗಿರುತ್ತದೆ, ತಮಿಳು ನೆಲದಲ್ಲೇ ತಲೆಮಾರು ಕಳೆದ ನಮ್ಮ ಮನೆಯ ಕನ್ನಡದ ಹಾಗಲ್ಲ. ಗಂಧ ಅಂದರು, ಅದು ಬರಿ ಗಂಧವಲ್ಲ ಸಾರ್, ನಮ್ಮಪ್ಪನ ಕೈ, ತಳದ ಸದ್ದಿನ ಆ ಸ್ಪೀಕರ್ ಪೆಟ್ಟಿಗೆಯ ಮುಂದಿನ ಕಪ್ಪು ಹಲಗೆಯ ಮೇಲೆ ಒಣಗಿ ಬಿರುಕು ಬಿಟ್ಟ ಅಂಗೈ, ಐದು ಬೆರಳು, ಐದೂ ಅಗಲಿಸಿ. ಒರೆಸಬೇಕು. ಒರೆಸುತ್ತೇನೆ, ಕರೆಂಟ್ ಬರಲಿ.

ಬರುವವರು ಕಾರಿಗೆ ಸ್ಪೀಕರ್ ಹಾಕಿಕೊಡುವ ಅಂಗಡಿಯವರು, ಗಿರಾಕಿಗಳನ್ನು ಕಾರೊಳಗೆ ಕೂರಿಸಿ ಎದೆ ನಡುಗಿಸಲು ಅವರಿಗೊಂದು ಸಿಡಿ ಬೇಕಂತೆ, ಅದಕ್ಕೆ ನನ್ನ ಸದ್ದು ಬೇಕಂತೆ, ಮಹೇಶ್ ಸಾರ್ ಫೋನಿನಲ್ಲಿ ಬಣ್ಣಿಸುತ್ತಿದ್ದರು, ನಮ್ಮ ಹುಡುಗ ಮಾಡಿದ ಬೇಸ್ ಇದೆ ಸಾರ್, ಕೇಳೋದಲ್ಲ, ಮೈಗೆ ತಾಗುತ್ತೆ — ನಮ್ಮ ಹುಡುಗನಂತೆ, ಮೂವತ್ತೆರಡು ವರ್ಷದ ಹುಡುಗ! ತಾಗುತ್ತೆ, ಹೌದು, ತಾಗಲಿ ಎಂದೇ ಮಾಡಿದ್ದು, ಆದರೆ ಇವರಿಗಲ್ಲ. ಅಪ್ಪನಿಗೆ. ಅಪ್ಪ, ಸುಬ್ಬಯ್ಯನ್, ಕುರಿಚಿಯ ಫೋರ್ಜಿಂಗ್ ಕಂಪನಿಯಲ್ಲಿ ಮೂವತ್ತು ವರ್ಷ ಸುತ್ತಿಗೆ ನಡೆಸಿದವನು, ಕೈಸುತ್ತಿಗೆ ಅಲ್ಲ, ಎರಡಾಳು ಎತ್ತರದ ಯಂತ್ರದ ಸುತ್ತಿಗೆ, ಕಾಯ್ದ ಕಬ್ಬಿಣದ ಮೇಲೆ ಟನ್ನುಗಟ್ಟಲೆ ಭಾರ ಬೀಳುವ ಸುತ್ತಿಗೆ, ಅದು ಅವನ ಕಿವಿ ತಿಂದಿತು, ಮೇಲಿನಿಂದ ತಿನ್ನುತ್ತ ಬಂತು, ಮೊದಲು ಕುಕ್ಕರಿನ ಸೀಟಿ, ಆಮೇಲೆ ಬಸ್ ಕಂಡಕ್ಟರನ ಸೀಟಿ, ಆಮೇಲೆ ನಾನು. ನನ್ನದು ಸಣ್ಣ ದನಿ, ಹಾಳು ದನಿ, ಈಗಲೂ ಫೋನಿನಲ್ಲಿ ಹಲೋ ಅಂದರೆ ಆ ಕಡೆಯವರು ಸೊಲ್ಲುಂಗ ಮೇಡಂ ಅನ್ನುತ್ತಾರೆ. ಅವ್ವ ಚಿನ್ನತಾಯಿಯದು ಗಂಡು ದನಿ, ಅಡುಗೆಮನೆಯಿಂದ ಒಂದು ಸಲ ಕೂಗಿದರೆ ಅಪ್ಪ ತಿರುಗುತ್ತಾನೆ, ನಾನು ಎಡಗಿವಿಯ ಹತ್ತಿರ ಬಾಯಿಟ್ಟು ಕತ್ತಿನ ನರ ಉಬ್ಬುವ ಹಾಗೆ ಕಿರುಚಿದರೆ ಮಾತ್ರ, ಏನ್ ಕಣ್ಣು, ಏನಂದೆ? ಮನೆಯಲ್ಲಿ ಮುದ್ದಿಗೆ ನನ್ನನ್ನು ಕಣ್ಣು ಎನ್ನುತ್ತಾರೆ. ಕಿವಿ ಪರೀಕ್ಷೆ ಮಾಡುವ ತೆನ್ಮೊಳಿ ಮೇಡಂ ಕಾಗದದಲ್ಲಿ ಗೆರೆ ತೋರಿಸಿದರು, ಎಡಗಡೆ ಮೇಲೆ ಇರುವ ಗೆರೆ ಬಲಗಡೆ ಹೋಗುತ್ತ ಬಾವಿಯ ಮೆಟ್ಟಿಲಿನಂತೆ ಕೆಳಗಿಳಿದಿತ್ತು, ನೋಡಿ, ತಳದ ಸದ್ದು ಇನ್ನೂ ಸ್ವಲ್ಪ ಉಳಿದಿದೆ, ಎಂದರು. ತಳದ ಸದ್ದು! ನನ್ನ ಕಸುಬೇ ಅದು. ಅವರು ಇನ್ನೊಂದನ್ನೂ ಹೇಳಿದರು, ಇಂಥ ಕಿವಿಗೆ ಕೇಳದೇ ಇರುವುದಕ್ಕೂ ತಡೆಯಲಾಗದೇ ಇರುವುದಕ್ಕೂ ನಡುವೆ ಜಾಗ ಬಹಳ ಕಡಿಮೆ, ಸ್ವಲ್ಪ ಏರಿಸಿದರೂ ತಲೆಗೆ ಹೊಡೆದ ಹಾಗಾಗುತ್ತದೆ, ಹುಷಾರು — ತಲೆಯಾಡಿಸಿದೆ, ಆ ಮಾತು ನನ್ನ ಈ ನೆಟ್ಟಗಿರುವ ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಯಿತು.

ನಾಲ್ಕು ತಿಂಗಳು ಮಾಡಿದೆ ಅದನ್ನು, ಬೇರೆ ಕೆಲಸ ಮುಗಿಸಿ, ಜವಳಿ ಅಂಗಡಿಯ ಜಾಹೀರಾತು, ಮುರುಗನ ಭಕ್ತಿಗೀತೆ ಎಲ್ಲ ಮುಗಿಸಿ, ಸಾಫ್ಟ್‌ವೇರ್ ಸಿಂಥ್, ಸದ್ದು ಹುಟ್ಟಿಸುವ ಯಂತ್ರ, ತೆರೆದು ಕೂರುವುದು, ಪರದೆಯ ಮೇಲೆ ಸಾಲು ಸಾಲು ಗುಂಡಿ, ಮೌಸಿನಿಂದ ಕೂದಲೆಳೆಯಷ್ಟು ತಿರುಗಿಸುವುದು. ಮೊದಲು ಬರಿ ಸೈನ್ ಅಲೆ, ನುಣ್ಣಗಿನ ಅಲೆ, ನಲವತ್ತಕ್ಕೆ ಇಳಿಸಿದರೆ ಕಿವಿಗೆ ಏನೂ ಇಲ್ಲ, ಬರಿ ಗಾಳಿ, ಅದಕ್ಕೊಂದು ಅಂಚು ಬೇಕು, ಅದಕ್ಕೇ ಸ್ವರ ಮೇಲಿಂದ ಶುರುವಾಗಿ ಕಣ್ಣು ಮಿಟುಕಿಸುವುದರೊಳಗೆ ಕೆಳಕ್ಕೆ ಬೀಳುವ ಹಾಗೆ ಮಾಡಿದೆ, ಧ ಎಂದು ತಗುಲಿ ಮ್‌ ಎಂದು ನೆಲಕ್ಕಿಳಿಯುವ ಹಾಗೆ, ಆಮೇಲೆ ಸ್ವಲ್ಪ ಒರಟು ಸೇರಿಸಿದೆ, ಫಿಲ್ಟರ್ ಹಾಕಿ ಮೇಲಿನದನ್ನೆಲ್ಲ ಕತ್ತರಿಸಿ ಎಸೆದೆ, ಮೇಡಂ ತೋರಿಸಿದ ಗೆರೆಯಲ್ಲಿ ಅಪ್ಪನಿಗೆ ಉಳಿದಿರುವ ಮೊದಲ ಮೂರು ಮೆಟ್ಟಿಲ ಮೇಲೆ ಮಾತ್ರ ನಿಲ್ಲುವಂಥ ಸದ್ದು, ನಿಂತಿತು, ನಿಜವಾಗಿ ನಿಂತಿತು, ಹೊಟ್ಟೆಯೊಳಗೆ ಯಾರೋ ಬಾಗಿಲು ಹಾಕಿದ ಹಾಗಾಯಿತು, ಕೂತಲ್ಲೇ ಅಳು ಬಂತು, ಎಲ್ಲೋ ಕೇಳಿದ ಹಾಗಿದೆಯಲ್ಲ, ತುಂಬ ಹಳೆಯದು, ತುಂಬ ನನ್ನದು ಎನ್ನಿಸಿತು, ಎಲ್ಲಿ ಎಂದು ಯೋಚಿಸಲಿಲ್ಲ, ದಡ್ಡ, ಯೋಚಿಸಲೇ ಇಲ್ಲ. ಹೆಸರು ಕೇಳಿತು ಕಂಪ್ಯೂಟರ್, ಕನ್ನಡ ಬರೆಯಲು ನನಗೆಲ್ಲಿ ಬರುತ್ತದೆ, ಇಂಗ್ಲಿಷ್ ಅಕ್ಷರದಲ್ಲೇ ಅದಿರು ಎಂದು ಹೊಡೆದೆ, ಮಹೇಶ್ ಸಾರ್ ನೋಡಿ ನಕ್ಕರು, ಏನ್ರೀ ಇದು, ಬಳ್ಳಾರಿ ಗಣಿ ಅದಿರಾ? ಇಲ್ಲ ಸಾರ್, ನಡುಗೋದಕ್ಕೆ ನಮ್ಮ ಮನೇಲಿ ಹಂಗೇ ಅಂತೀವಿ. ಓ, ಅದು ಅದುರು ಕಣ್ರೀ, ಅದಿರು ಅಂದ್ರೆ ಕಬ್ಬಿಣದ ಕಲ್ಲು. ಸರಿ, ಕಬ್ಬಿಣವೇ ಆಗಲಿ, ಅಪ್ಪ ಬಡಿದದ್ದೂ ಅದನ್ನೇ ಅಲ್ಲವೇ ಎಂದುಕೊಂಡೆ, ಹೆಸರು ಬದಲಿಸಲಿಲ್ಲ.

ಆಯುಧಪೂಜೆಗೆ ಬಾ ಅಪ್ಪ ಎಂದು ಕರೆದೆ, ಅವ್ವನಿಂದ ಕೂಗಿಸಿ ಕರೆದೆ, ಗಂಜಿ ಹಾಕಿದ ಬಿಳಿ ಶರ್ಟು ಹಾಕಿ ಬಂದ, ಆ ದಿನ ಅವನಿಗೆ ಪೂಜೆ ಮಾಡಲು ಸುತ್ತಿಗೆ ಇರಲಿಲ್ಲ, ರಿಟೈರ್ ಆದ ಮೇಲಿನ ಮೊದಲ ಆಯುಧಪೂಜೆ, ಗಂಧದ ಬಟ್ಟಲು ಅವನ ಕೈಗೇ ಕೊಟ್ಟೆ, ಮಾನಿಟರಿಗೆ ಬೊಟ್ಟಿಟ್ಟ, ಕೀಬೋರ್ಡಿಗೆ, ಮೈಕಿಗೆ, ಮೌಸಿಗೂ ಒಂದಿಟ್ಟು ನಕ್ಕ, ಆಮೇಲೆ ಕೇಳಿದ, ಇದ್ರಲ್ಲಿ ನಿನ್ ಆಯುಧ ಯಾವ್ದು ಕಣ್ಣು? ಜನ್ಮದಲ್ಲಿ ಮೊದಲ ಸಲ ನನ್ನ ಕೆಲಸದ ಬಗ್ಗೆ ಒಂದು ಪ್ರಶ್ನೆ! ವೂಫರ್ ತೋರಿಸಿದೆ. ಸದ್ದು ಹೊರಡಿಸುವ ಕೋನ್ ನೆಲದ ಕಡೆಗಿರುವ ಪೆಟ್ಟಿಗೆ, ಮೇಜಿನ ಅಡಿಯಲ್ಲಿ, ಮೊಣಕಾಲೆತ್ತರ, ಅದರ ಮುಂದೆ ಗಿಡ್ಡ ಸ್ಟೂಲು ಹಾಕಿ ಕೂರಿಸಿದೆ, ಗಂಧ ಮೆತ್ತಿದ ಅವನ ಅಂಗೈಯನ್ನು ನಾನೇ ಹಿಡಿದು ಹಲಗೆಯ ಮೇಲಿಟ್ಟೆ, ಒರಟು ಕೈ, ಕಬ್ಬಿಣ ಸಿಡಿದು ಸುಟ್ಟ ಚುಕ್ಕಿ ಚುಕ್ಕಿ ಕೈ, ಐದು ಬೆರಳು, ಮಹೇಶ್ ಸಾರ್ ಹೊರಗೆ ಬಾಗಿಲಲ್ಲಿ ಕುಂಬಳಕಾಯಿ ಒಡೆಯುತ್ತಿದ್ದರು, ಒಳಗೆ ಅಪ್ಪ ನಾನು ಇಬ್ಬರೇ, ಕೀಬೋರ್ಡಿನ ಎಡತುದಿಯ ಕೊನೆಯ ಕೀ ಒತ್ತಿದೆ, ಒತ್ತಿ ಹಿಡಿದಷ್ಟು ಹೊತ್ತೂ ಬಡಿಯುತ್ತಲೇ ಇರುವ ಹಾಗೆ ಮಾಡಿಟ್ಟಿದ್ದೆ. ಅಪ್ಪನ ಹುಬ್ಬು ಮೇಲೆ ಹೋಯಿತು. ಕೈಸನ್ನೆಯಲ್ಲೇ ಕೇಳಿದೆ, ಕೇಳ್ತಾ? ಅಪ್ಪ ಅಂದ, ಕೇಳಕ್ಕಾಗಲ್ಲ. ಅಯ್ಯೋ, ಇನ್ನೂ ತಲುಪಿಲ್ಲ ಎಂದುಕೊಂಡು ಏರಿಸಿದೆ. ಧಮ್‌. ಧಮ್‌. ಕೇಳಕ್ಕಾಗಲ್ಲ ಕಣ್ಣು. ಮತ್ತೆ ಏರಿಸಿದೆ, ಪೂಜೆಯ ತಟ್ಟೆಯಲ್ಲಿದ್ದ ಕಡಲೆಪುರಿ ಒಂದೊಂದಾಗಿ ಎಗರಿ ನೆಲಕ್ಕೆ ಬೀಳುತ್ತಿತ್ತು, ನನಗೆ ಖುಷಿ, ಹುಚ್ಚು ಖುಷಿ, ನೋಡಪ್ಪ ನಿನ್ನ ಮಗನ ಸತ್ತ ಎಂದು ಕಿರುಚುತ್ತಿದ್ದೆ, ಸದ್ದಿಗೆ ನಮ್ಮ ಮನೆಯಲ್ಲಿ ತಮಿಳಿನ ಹಾಗೆ ಸತ್ತ ಎಂದೇ ಅನ್ನುವುದು, ಆ ಸಣ್ಣ ದನಿಯಲ್ಲಿ, ಅವನು ಬಾಯಿ ಆಡಿಸಿದ್ದು ಕಾಣುತ್ತಿತ್ತು, ಅದೇ ಮಾತು, ಮೂರನೇ ಸಲ, ಅದೇ ಮಾತು. ಎದ್ದ, ಕೈಯನ್ನು ವೇಷ್ಟಿಗೆ ಒರೆಸಿಕೊಂಡು ಹೊರಗೆ ಹೋದ, ಒಡೆದ ಕುಂಬಳಕಾಯಿ ದಾಟಿ ರೋಡಿಗೆ ಹೋದ, ನಾನು ಚಪ್ಪಲಿ ಹುಡುಕಿ ಬರುವಷ್ಟರಲ್ಲಿ ಬಸ್ಸು ಹತ್ತಿಬಿಟ್ಟಿದ್ದ.

ಮಾರನೆಯ ದಿನ ಅವ್ವ ಇಡ್ಲಿ ಹಾಕುತ್ತ ಹೇಳಿದಳು, ಅದು ಸುತ್ತಿಗೆ ಸತ್ತ ಅಂತೆ ಕಣ್ಣು, ಅಚ್ಚು ಅದೇ ಅಂತೆ, ಮೂವತ್ತು ವರ್ಸ ಸಾಕಾಗಿ ಬಂದವ್ರನ್ನ ಕೂರ್ಸಿ ಮತ್ತೆ ಕೇಳ್ಸಿದ್ಯಂತಲ್ಲ, ಆಗಲ್ಲ ಆಗಲ್ಲ ಅಂದ್ರೂ ಬಿಡ್ಲಿಲ್ವಂತೆ. ಎಲ್ಲಿ ಕೇಳಿದ ಹಾಗಿದೆ ಎಂದಿದ್ದೆನಲ್ಲ, ಅಲ್ಲಿ — ನಾನು ಚಿಕ್ಕವನಿದ್ದಾಗ ಕಂಪನಿಯ ಹಿಂದುಗಡೆ ಇದ್ದ ನಮ್ಮ ಲೈನ್ ಮನೆ, ಗೋಡೆಯೊಳಗಿಂದ ಬರುತ್ತಿದ್ದ ಧಮ್‌, ಚೊಂಬಿನ ನೀರಲ್ಲಿ ಉಂಗುರ, ಅಪ್ಪ ವೇಲೆ ಮಾಡ್ತಾವ್ರೆ ಮಲಕ್ಕೊ ಎಂದು ಅವ್ವ ತಟ್ಟುತ್ತಿದ್ದಳು, ನನಗೆ ಅದು ಜೋಗುಳ, ಗೋಡೆಯ ಆ ಕಡೆ ಇದ್ದವನಿಗೆ ಏನಾಗಿತ್ತೋ ನಾನು ಯಾವತ್ತು ಕೇಳಿದ್ದೆ? ಆದರೆ ಆಗಲ್ಲ ಎಂದು ಎಲ್ಲಿ ಹೇಳಿದ ಅವನು, ಕೇಳಕ್ಕಾಗಲ್ಲ ಎಂದ, ಕಿವುಡ ಕೇಳಕ್ಕಾಗಲ್ಲ ಎಂದರೆ ಏನು ಅರ್ಥ ಮಾಡಿಕೊಳ್ಳಬೇಕು! ಮಹೇಶ್ ಸಾರಿಗೆ ಹೇಳಿದರೆ, ಅಯ್ಯೋ, ಮೈಸೂರಲ್ಲಾಗಿದ್ರೆ ಈ ಗೊಂದಲನೇ ಇರ್ತಿರಲಿಲ್ಲ ಧನಪಾಲ್, ಕಿವಿಗೆ ಬೀಳದಿದ್ರೆ ಕೇಳಿಸ್ತಿಲ್ಲ ಅಂತೀವಿ, ತಡಕೊಳ್ಳೋಕಾಗದಿದ್ರೆ ಕೇಳಕ್ಕಾಗಲ್ಲ ಅಂತೀವಿ. ಇರಬಹುದು ಸಾರ್, ನಿಮ್ಮಲ್ಲಿ ಎರಡು ಮಾತಿದೆ, ಶ್ರೀಮಂತರು, ಧಾರಾಪುರದ ಹೊಲದಿಂದ ಕುರಿಚಿಗೆ ಬರುವಾಗ ನಮ್ಮವರ ಗಂಟಿನಲ್ಲಿ ಉಳಿದದ್ದು ಒಂದೇ. ಆದರೂ ಬೇಡ ಎನ್ನಬಹುದಿತ್ತು, ಸಾಕು ಎನ್ನಬಹುದಿತ್ತು, ಎರಡೇ ಅಕ್ಷರ, ಪೋದುಂ ಎಂದು ತಮಿಳಿನಲ್ಲಾದರೂ ಬೈಯಬಹುದಿತ್ತು! ಮೂರು ತಿಂಗಳಿಂದ ನನ್ನ ಮಾತು ಅವನಿಗೆ ಬೀಳುವುದಿಲ್ಲ, ಎಡಗಿವಿಯಲ್ಲಿ ಕಿರುಚಿದರೂ ಟೀವಿ ನೋಡುತ್ತಾನೆ, ಅವ್ವ ಕೂಗಿದರೆ ಆಂ ಎನ್ನುತ್ತಾನೆ, ಉಳಿದಿದ್ದ ಚೂರನ್ನೂ ನಾನೇ ಕೊಂದೆನೇ ಎಂದು ತೆನ್ಮೊಳಿ ಮೇಡಂ ಹತ್ತಿರ ಮತ್ತೆ ಕರೆದುಕೊಂಡು ಹೋದೆ, ಗಾಜಿನ ಗೂಡಿನಲ್ಲಿ ಕೂತು ಸದ್ದು ಬಂದಾಗಲೆಲ್ಲ ಒಳ್ಳೆಯ ಹುಡುಗನ ಹಾಗೆ ಬಟನ್ ಒತ್ತಿದ, ಮೇಡಂ ಗೆರೆ ತೋರಿಸಿದರು, ಮುಂಚೆ ಹೇಗಿತ್ತೋ ಹಾಗೇ ಇದೆ, ಒಂದು ಚುಕ್ಕಿಯೂ ಇಳಿದಿಲ್ಲ, ಸಂತೋಷಪಡಿ. ಸಂತೋಷ! ಊರಿಗೆಲ್ಲ ಇರುವ ಕಿವಿ ನನಗೆ ಮಾತ್ರ ಇಲ್ಲ, ನಾಟಕ, ಬರಿ ನಾಟಕ, ಮಗ ಏನೋ ತಪ್ಪು ತಿಳಿದ ಎಂದು ಬಿಡಲಾಗದೆ? ಆಶೀರ್ವಾದದಂತೆ ಕೈ ಇಟ್ಟು ಹೋದವನು ಒಂದು ಮಾತಿಗೆ ಇಷ್ಟು ಮಾಡಬೇಕೆ? ನನಗೂ ರೋಷವಿದೆ, ಈಚೆಗೆ ನಾನೂ ಕರೆಯುವುದನ್ನು ಬಿಟ್ಟಿದ್ದೇನೆ.

ಬಂತು, ಫ್ಯಾನ್ ತಿರುಗಿತು, ಕಂಪ್ಯೂಟರ್ ಎದ್ದಿತು, ತಿರುಪ್ಪೂರಿನವರು ಬರುವ ಮೊದಲು ಒಂದು ಸಲ ನೋಡಿಕೊಳ್ಳಬೇಕು, ಅವತ್ತಿನಿಂದ ಮುಟ್ಟದ ಅದಿರು ತೆರೆದೆ, ಕೊನೆಯ ಕೀ ಒತ್ತಿದೆ, ಧಮ್‌, ಚೆನ್ನಾಗಿದೆ, ಹಾಳಾದ್ದು, ಈಗಲೂ ಚೆನ್ನಾಗಿದೆ, ಕೀ ಮೇಲೆ ಪುಸ್ತಕದ ಭಾರ ಇಟ್ಟು ಬಟ್ಟೆ ಹಿಡಿದು ಪೆಟ್ಟಿಗೆಯ ಮುಂದೆ ಕೂತೆ, ಅಪ್ಪ ಕೂತ ಸ್ಟೂಲಿನ ಮೇಲೇ, ಹಲಗೆ ನಡುಗುತ್ತಿದೆ, ಒಣಗಿದ ಗಂಧ ಪುಡಿಪುಡಿಯಾಗಿ ಉದುರುತ್ತಿದೆ, ಕಿರುಬೆರಳಿನ ತುದಿ ಹೋಯಿತು, ಮೂರು ತಿಂಗಳಿಂದ ಹೋಗುತ್ತ ಬರುತ್ತ ದೂರದಿಂದಲೇ ನೋಡಿದ್ದು, ಇಷ್ಟು ಹತ್ತಿರದಿಂದ ನೋಡಿರಲಿಲ್ಲ — ಅಂಗೈಯ ಬುಡದಲ್ಲಿ ಗಂಧವೇ ಇಲ್ಲ, ಅಷ್ಟು ಗಟ್ಟಿಯಾಗಿ ಒತ್ತಿ ಗಂಧವೆಲ್ಲ ಸುತ್ತ ಏರಿಯ ಹಾಗೆ ಎದ್ದು ನಿಂತಿದೆ, ಸುಮ್ಮನೆ ಇಟ್ಟ ಕೈ ಹೀಗಿರುವುದಿಲ್ಲ, ಆಶೀರ್ವಾದ ಮಾಡುವ ಕೈ ಹೀಗೆ ಒತ್ತುವುದಿಲ್ಲ, ಕೆಟ್ಟು ನಿಂತ ಲಾರಿಯನ್ನು ತಳ್ಳುವಾಗ ಹೀಗೆ ಒತ್ತುತ್ತಾರೆ, ಬುಡದಿಂದ, ಮೈಯ ಬಲವೆಲ್ಲ ಹಾಕಿ. ನೆಲ ನೋಡಿದೆ. ಮೊಸಾಯಿಕ್ ಮೇಲೆ ಪೆಟ್ಟಿಗೆಯ ರಬ್ಬರ್ ಕಾಲು ಎಳೆದ ಕಪ್ಪು ಗೆರೆ, ಒಂದು ಗೇಣು, ಹಿಂದಕ್ಕೆ. ಹೌದು, ಪೆಟ್ಟಿಗೆ ಹಿಂದೆ ಸರಿದಿತ್ತು ಅವತ್ತು, ಎರಡು ಸಲ, ನೋಡಿದ್ದೆ, ಅಬ್ಬಾ ನನ್ನ ಸದ್ದಿನ ಜೋರಿಗೆ ಪೆಟ್ಟಿಗೆಯೇ ಓಡುತ್ತಿದೆ ಎಂದು ನಗುತ್ತ, ಕೈ ಕೀ ಮೇಲಿದ್ದುದರಿಂದ ಕಾಲಿನಿಂದ ಮುಂದಕ್ಕೆ ತಳ್ಳಿದ್ದೆ, ಆಯುಧಪೂಜೆಯ ದಿನ, ಅವನು ಗಂಧದ ಕೈ ಇಟ್ಟ ಆಯುಧವನ್ನು, ಕಾಲಿನಿಂದ, ಅವನ ಕಡೆಗೇ, ಎರಡು ಸಲ. ಬಾಯಿ ಸಾಲದೆ ಕೈಯಿಂದ ಹೇಳಿದ್ದ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಮಹೇಶ್ ಸಾರ್ ಕೂಗುತ್ತಿದ್ದಾರೆ, ಬನ್ನಿ ಸಾರ್ ಬನ್ನಿ, ಕೇಳ್ತಿದೆಯಲ್ಲ, ಅದೇ ಅದು, ಧನಪಾಲ್ ಒರೆಸಿದ್ರಾ — ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದೆ, ಧಮ್‌, ಹೆಬ್ಬೆರಳಿನ ಅಂಚು ಉದುರಿತು, ಒರೆಸದಿದ್ದರೂ ಇದೇ ಉದುರಿಸುತ್ತದೆ, ಧಮ್‌, ಕೈ ಮೇಲೇಳುತ್ತಿಲ್ಲ, ನಿಲ್ಲಿಸಲು ಕೀ ಹತ್ತಿರ ಹೋಗಬೇಕು, ಹೋಗಲು ಏಳಬೇಕು, ಧಮ್‌, ಕಪ್ಪು ಹಲಗೆ, ಅಂಗೈ, ಐದು ಬೆರಳು, ಐದೂ ಅಗಲಿಸಿ, ನನ್ನನ್ನು ತಳ್ಳುತ್ತ.