ಲಕ್ಕಯ್ಯನ ಮೀನಿನ ಉದ್ದ

"ಟೀವೀಲಿ ಆಯಮ್ಮ ಅಷ್ಟು ದೊಡ್ಡ ಮೀನಿನ ಮೂತೀನೇ ಸವರ್ತಾವ್ಳೆ ನೋಡ್ಲಾ ಲಕ್ಕ. ನೀನು ನಮ್ ಬಾವಿ ಮೀನ್ಗೇ ಲಂಗೋಟಿ ಬುಟ್ಟು ಬಂದಿದ್ದೆ," ಎಂದ ಕಾಳಯ್ಯ.

ಗಂಗಯ್ಯನ ಜಗಲಿಯಲ್ಲಿ ಟೀವಿ ನೋಡುತ್ತಿದ್ದವರೆಲ್ಲ ನಕ್ಕರು. ಲಕ್ಕಯ್ಯನೂ ನಕ್ಕ, ನಗದೆ ಬೇರೆ ದಾರಿ ಇರಲಿಲ್ಲ. ರೇಷ್ಮೆಗೂಡಿಗೆ ಬೆಲೆ ಏರಿದ ಆ ವರ್ಷಗಳಲ್ಲಿ ಚನ್ನಪಟ್ಟಣದ ಸುತ್ತ ಬಾವಿಬಾವಿಗೂ ಪಂಪ್‌ಸೆಟ್ಟು ಬಂದಿತ್ತು, ಗಂಗಯ್ಯನ ಮನೆಗೆ ಊರಿನ ಮೊದಲ ಟೀವಿ ಬಂದಿತ್ತು. ಬಾವಿಗೆ ಬಿದ್ದ ಬಿಂದಿಗೆ ತೆಗೆಯುತ್ತಿದ್ದ ಲಕ್ಕಯ್ಯನೂ ಬಡ್ತಿ ಪಡೆದು, ನೀರೊಳಗಿನ ಪೈಪಿನ ತುದಿಯ ಫುಟ್‌ವಾಲ್ವಿಗೆ ಕಸ ಕಟ್ಟಿದರೆ ಮುಳುಗಿ ಬಿಡಿಸುವವನಾಗಿದ್ದ.

ಅವನಿಗಿದ್ದ ಆಸ್ತಿಯೆಂದರೆ ಗಂಗಯ್ಯನ ಬಾವಿಯ ಬಾಳೆಮೀನಿನ ಕತೆ. ಹಿಂದೊಮ್ಮೆ ಅದು ತೊಡೆಗೆ ತಗುಲಿತ್ತು, ಇವನು ಲಂಗೋಟಿಯನ್ನೂ ನೀರಲ್ಲೇ ಬಿಟ್ಟು ಬಿದ್ದೆನೋ ಎದ್ದೆನೋ ಎಂದು ಮೇಲೆ ಬಂದಿದ್ದ. ನಡೆದದ್ದು ಅಷ್ಟೇ. ಹೇಳುತ್ತ ಹೇಳುತ್ತ ಮೊಳದುದ್ದದ ಮೀನು ಮಾರುದ್ದವಾಯಿತು, ಅದನ್ನು ತಬ್ಬಿ ಕುಸ್ತಿಯಾಡಿದ್ದೂ ಸೇರಿತು. ಟೀ ಅಂಗಡಿಯ ಬೆಂಚಿನಲ್ಲಿ ಜನ ಸರಿದು ಅವನಿಗೆ ಜಾಗ ಕೊಡುತ್ತಿದ್ದುದೇ ಆ ಮೀನಿನ ದೆಸೆಯಿಂದ.

ಟೀವಿಯ ಇಂಗ್ಲಿಷು ಯಾರಿಗೂ ತಿಳಿಯದು, ಚಿತ್ರ ತಿಳಿಯುತ್ತಿತ್ತು. ಗೀಚುಬಿದ್ದ ಹಳೆಯ ರೀಲಿನಲ್ಲಿ, ಸುತ್ತ ಬರೀ ಗಂಡಸರಿದ್ದ ದೋಣಿಯಿಂದ ಒಬ್ಬಳೇ ಹುಡುಗಿ ಸಮುದ್ರಕ್ಕೆ ಧುಮುಕಿದಳು. ಸತ್ತ ಶಾರ್ಕಿನ ಪಕ್ಕ ಭರ್ಜಿ ಹಿಡಿದು ನಿಂತು ನಕ್ಕಳು. ಈಗ ಅದೇ ಹೆಂಗಸು ತಲೆ ನರೆತು, ಬಲೆಗೆ ಸಿಕ್ಕ ಶಾರ್ಕನ್ನು ಬಿಡಿಸಿ ಕಳಿಸುತ್ತಿದ್ದಳು.

"ಲಕ್ಕ, ನಾಳಿಕ್ಕೆ ಫುಟ್‌ವಾಲ್ವಿಗೆ ಇಳೀತೀಯಲ್ಲ, ಆ ಮೀನ್ನೂ ಎತ್ಕೊಂಬಂದ್ಬುಡು," ಎಂದ ಗಂಗಯ್ಯ. "ರೇಷ್ಮೆಹುಳ ಹಣ್ಣಾಗ್ತಾವೆ, ಗೂಡು ಕಟ್ಟೋ ಚಂದ್ರಿಕೆ ತಟ್ಟಿಗೆ ಬುಡೋಕೆ ಆಳು ಬತ್ತವ್ರೆ. ಮಾರುದ್ದದ ಮೀನು, ಅಷ್ಟೂ ಜನಕ್ಕೆ ಸಾರಾಯ್ತದೆ."

ಲಕ್ಕಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನೀರಿನಲ್ಲಿರುವ ಮೀನನ್ನು ಯಾರೂ ಅಳೆಯುವುದಿಲ್ಲ. ನೆಲಕ್ಕೆ ಬಿದ್ದರೆ ಕಾಳಯ್ಯನೇ ಮೊದಲು ಗೇಣು ಹಾಕುತ್ತಾನೆ.

"ಇಲ್ಲ ಗಂಗಣ್ಣ. ಆಯಮ್ಮನ್ನ ನೋಡಿ ಮನಸ್ಸು ತಿರುಗ್ಬುಡ್ತು. ಇನ್ನು ಆ ಜೀವಕ್ಕೆ ನಾನೇ ಕಾವಲು."

"ಮಧ್ಯಾಹ್ನ ಮೀನ್ಸಾರು ಉಂಡ್ಬಂದವ್ನೆ, ಬಾಯಿನ್ನೂ ವಾಸ್ನೆ ಹೊಡೀತೈತೆ," ಎಂದ ಕಾಳಯ್ಯ.

"ಅದು ಕೆರೇದು ಕಣ್ಲಾ. ನಾನು ಯೋಳಿದ್ದು ಬಾವೀದು."

ನಗು ನಿಲ್ಲಲಿಲ್ಲ. ಗಂಗಯ್ಯನ ಹೆಂಡತಿ ಪುಟ್ಟಗೌರಮ್ಮ ಹುಳಕ್ಕೆ ಸೊಪ್ಪು ಹಾಕಿ ಹೊರಗೆ ಬಂದಾಗ ಲಕ್ಕಯ್ಯ ಅವಳ ಕಡೆ ತಿರುಗಿದ. "ಗೌರಕ್ಕ, ನೀನೇ ಯೋಳು. ಹುಳ ಇರೋ ಮನೇಲಿ ಮೀನು ಕುಯ್ಯೋದುಂಟಾ?"

"ಒಗ್ಗರಣೆ ಘಾಟು ಹುಳಕ್ಕಾಗಕಿಲ್ಲ ಅಂತ ನಾನು ಹಿತ್ಲಲ್ಲಿ ಒಲೆ ಹೂಡಿವ್ನಿ, ಇವ್ರಿಗೆ ಮೀನಂತೆ. ಗೂಡು ಬಿಡಿಸೋಗಂಟ ಆ ಸುದ್ದಿ ಎತ್ಬೇಡಿ," ಎಂದಳು ಪುಟ್ಟಗೌರಮ್ಮ. ಮೂಗಿಗೆ ಸೆರಗು ಹಿಡಿದು ಸೇರಿಸಿದಳು, "ಈ ಕಾವಲುಗಾರನ್ನೂ ಒಳೀಕೆ ಬುಡಬ್ಯಾಡಿ."

ಮಾರನೆಯ ಬೆಳಿಗ್ಗೆ ಲಕ್ಕಯ್ಯ ಬಾವಿಗಿಳಿದು ಫುಟ್‌ವಾಲ್ವಿನ ಕಸ ಕಿತ್ತ. ಕಲ್ಲಿನ ಸಂದಿಯಿಂದ ಮೀನು ಹೊರಗೆ ಬಂತು. ಮೊಳವೂ ಇರಲಿಲ್ಲ. ಇದಕ್ಕೇ ಏನು ನಾನು ಲಂಗೋಟಿ ಬಿಟ್ಟು ಓಡಿದ್ದು, ಎಂದು ಅವನಿಗೆ ನೀರೊಳಗೇ ನಗು ಬಂದು ಮೂಗಿಗೆ ನೀರು ನುಗ್ಗಿತು. ಆದರೂ ಟೀವಿಯ ಹೆಂಗಸಿನ ಹಾಗೆ ಮೆಲ್ಲಗೆ ಕೈ ಚಾಚಿದ. ಮೀನು ಬಾಲ ಬಡಿದು ಅವನ ಮುಖಕ್ಕೆ ಕೆಸರೆಬ್ಬಿಸಿ ಹೋಯಿತು.

ಕೆಮ್ಮುತ್ತ ಮೇಲೆ ಬಂದವನಿಗೆ ಕಾಳಯ್ಯ ಕಟ್ಟೆಯ ಮೇಲೇ ಕಾದಿದ್ದ.

"ಕಂಡ್ತೇನ್ಲಾ?"

"ಕಂಡ್ತು."

"ಎಷ್ಟುದ್ದ ಐತೆ?"

ಲಕ್ಕಯ್ಯ ಟವೆಲಿನಲ್ಲಿ ಮುಖ ಒರೆಸಿದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. "ವಯಸ್ಸಾಗೈತೆ ಕಣ್ಲಾ. ಒಸಿ ಕುಗ್ಗೈತೆ."

ಪುಟ್ಟಗೌರಮ್ಮ ಮುದ್ದೆ, ಸೊಪ್ಪಿನ ಸಾರು ತಂದು ಕಟ್ಟೆಯ ಮೇಲಿಟ್ಟು ಹೋದಳು. ಲಕ್ಕಯ್ಯ ಮುದ್ದೆಯಲ್ಲಿ ಒಂದು ಚೂರು ಮುರಿದು ಬಾವಿಗೆ ಹಾಕಿದ. ಕೆಳಗೆ ಗುಳುಕ್ ಎಂದಿತು. ಕಾಳಯ್ಯ ಬಗ್ಗಿ ನೋಡಲು ಹೋದ. ಲಕ್ಕಯ್ಯ ತಟ್ಟೆ ಎತ್ತಿಕೊಂಡು ಸರಿದು, ಅವನಿಗೆ ಅಡ್ಡವಾಗಿ ಕೂತ.